ಮರದ ಕೆಳಗಿನ ಆರು ಜನ



ಧರ್ಮಗ್ರಂಥಗಳಲ್ಲಿ ಬರುವ ದೃಷ್ಟಾಂತಕಥೆಗಳನ್ನು ಸಂಕೇತಶಾಸ್ತ್ರದ ನೆರವಿನಿಂದ ಹೇಗೆ ಓದಬಹುದು ಎಂಬ ವಿಷಯವಾಗಿ ಕೆಲವು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದು ಬಂದಿದ್ದೇನೆ. ನಾನು ವಿಶ್ವವಿದ್ಯಾನಿಲಯದ ವಿದ್ವಾಂಸನಲ್ಲ. ಪೀಣ್ಯದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದವನು. ಸಂಜೆಯ ಬಿಡುವಿನಲ್ಲಿ ಹಳಗನ್ನಡವನ್ನೂ ಅಲ್ಪಸ್ವಲ್ಪ ಪ್ರಾಕೃತವನ್ನೂ ಓದುವ ಚಟ ಹಚ್ಚಿಕೊಂಡವನು. ಆದ್ದರಿಂದ ಶಾಸ್ತ್ರದ ವಿಚಾರವನ್ನು ನಾನು ಬಲ್ಲ ಕಸುಬಿನ ಕಡೆಯಿಂದಲೇ ಆರಂಭಿಸುವುದು ಒಳ್ಳೆಯದು.

ಟೂಲ್‌ರೂಮಿನಲ್ಲಿ ಮೂರು ಬಗೆಯ ಗುರುತುಗಳ ನಡುವೆ ನಮ್ಮ ದಿನ ಕಳೆಯುತ್ತಿತ್ತು. ಮೊದಲನೆಯದು ನಕ್ಷೆ. ನಾವು ಮಾಡಬೇಕಾದ ಬಿಡಿಭಾಗ ಹೇಗಿದೆಯೋ ಕಾಗದದ ಮೇಲಿನ ಗೆರೆಯೂ ಹಾಗೆಯೇ ಇರುತ್ತದೆ. ಹೋಲಿಕೆಯೇ ಅದರ ಅರ್ಥ. ಎರಡನೆಯದು ಕಿಡಿ. ಗುರುತು ಅಳಿಸಿಹೋದ ಉಕ್ಕಿನ ತುಂಡೊಂದು ಕೈಗೆ ಸಿಕ್ಕಿದರೆ ಅದನ್ನು ಸಾಣೆಚಕ್ರಕ್ಕೆ ಒತ್ತಿ ನೋಡುತ್ತಿದ್ದೆವು. ಇಂಗಾಲ ಕಡಿಮೆಯಿರುವ ಉಕ್ಕಿನಿಂದ ಉದ್ದನೆಯ ಸರಳ ಗೆರೆಗಳು ಹೊರಡುತ್ತವೆ; ಇಂಗಾಲ ಹೆಚ್ಚಿದ್ದರೆ ಕಿಡಿಗಳು ನಕ್ಷತ್ರದಂತೆ ಒಡೆದು ಚೆಲ್ಲುತ್ತವೆ. ಇಲ್ಲಿ ಹೋಲಿಕೆಯಿಲ್ಲ, ಕಾರ್ಯಕಾರಣದ ಸಂಬಂಧವಿದೆ. ಬೆಂಕಿಯನ್ನು ಹೊಗೆ ತೋರಿಸಿಕೊಡುವ ಹಾಗೆ. ಮೂರನೆಯದು ಬಣ್ಣ. ಉಗ್ರಾಣದಲ್ಲಿ ಜೋಡಿಸಿಟ್ಟ ಸರಳುಗಳ ತುದಿಗೆ ಬಣ್ಣ ಬಳಿದಿರುತ್ತಾರೆ: ಇಂಥ ಜಾತಿಯ ಉಕ್ಕಿಗೆ ಕೆಂಪು, ಇಂಥದ್ದಕ್ಕೆ ಹಳದಿ ಎಂದು. ಆ ಉಕ್ಕಿನಲ್ಲಿ ಕೆಂಪಾದದ್ದು ಏನೂ ಇಲ್ಲ. ನಾಲ್ಕು ಜನ ಕೂಡಿ ಒಪ್ಪಿಕೊಂಡದ್ದರಿಂದ ಮಾತ್ರ ಅದು ಗುರುತು.

ಅಮೆರಿಕದ ತತ್ತ್ವಜ್ಞ ಚಾರ್ಲ್ಸ್ ಪರ್ಸ್ ಎಂಬವನು (1839–1914) ಸಂಕೇತಗಳಲ್ಲಿ ಇದೇ ಮೂರು ಬಗೆಯನ್ನು ಹೇಳಿದ್ದಾನೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಪ್ರತಿರೂಪ, ಸೂಚಕ, ರೂಢಿಸಂಕೇತ ಎಂದು ಅವುಗಳನ್ನು ಕನ್ನಡದಲ್ಲಿ ಕರೆಯಬಹುದು. ಅವನ ಸಮಕಾಲೀನ, ಜಿನೀವಾದಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಫರ್ಡಿನಾಂಡ್ ದ ಸೋಸ್ಯೂರ್, ಇನ್ನೊಂದು ಮುಖ್ಯ ಮಾತನ್ನು ಸೇರಿಸಿದ. ಅವನು ತೀರಿಕೊಂಡ ಮೂರು ವರ್ಷದ ಮೇಲೆ, 1916ರಲ್ಲಿ, ಅವನ ಪಾಠಗಳು ಗ್ರಂಥವಾಗಿ ಬಂದವು. ಯಾವ ಸಂಕೇತಕ್ಕೂ ತನ್ನಷ್ಟಕ್ಕೆ ತಾನೇ ಬೆಲೆಯಿಲ್ಲ, ಪಕ್ಕದ ಸಂಕೇತಕ್ಕಿಂತ ಅದು ಬೇರೆಯಾಗಿರುವುದೇ ಅದರ ಬೆಲೆ ಎಂಬುದು ಅವನ ತಾತ್ಪರ್ಯ. ಮಾತಿನ ಹಿಂದಿನ ಮಾತನ್ನು ಧ್ವನಿಯೆಂದು ಗುರುತಿಸಿದ ಆನಂದವರ್ಧನನ ನಾಡಿನವರಿಗೆ ಈ ವಿಚಾರ ಪೂರ್ತಿ ಹೊಸದೇನಲ್ಲ. ಆದರೂ ಒಂದು ಹಳೆಯ ಕಥೆಯ ಮುಂದೆ ಈ ಸಲಕರಣೆಗಳನ್ನು ಇಟ್ಟುಕೊಂಡು ಕೂತರೆ ಏನು ಕಾಣುತ್ತದೆಂದು ನೋಡುವುದರಲ್ಲಿ ತಪ್ಪಿಲ್ಲ.

ನಾನು ಆರಿಸಿಕೊಂಡಿರುವ ಕಥೆ ನಮ್ಮ ನಾಡಿನ ಒಂದು ಗೋಡೆಯ ಮೇಲಿದೆ. ಶ್ರವಣಬೆಳಗೊಳದ ಊರೊಳಗಿನ ಜೈನಮಠದ ಭಿತ್ತಿಚಿತ್ರಗಳನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ತೀರ್ಥಂಕರರ ಚರಿತೆ, ನಾಗಕುಮಾರನ ಕಥೆ, ಮೈಸೂರು ಅರಸರ ದಸರಾ ದರ್ಬಾರು, ಇವುಗಳ ನಡುವೆ ಒಂದು ಮರ ಮತ್ತು ಆರು ಜನರ ಚಿತ್ರವೂ ಇದೆ. ಬಾನುಲಿಯಲ್ಲಿ ಚಿತ್ರ ತೋರಿಸುವ ಹಾಗಿಲ್ಲವಾದ್ದರಿಂದ ಕಥೆಯನ್ನೇ ಹೇಳಿಬಿಡುತ್ತೇನೆ.

ಆರು ಮಂದಿ ದಾರಿಹೋಕರು ಕಾಡಿನಲ್ಲಿ ದಾರಿ ತಪ್ಪಿದರು. ಹಸಿದಿದ್ದ ಅವರಿಗೆ ಹಣ್ಣು ತುಂಬಿದ ಒಂದು ಮರ ಕಾಣಿಸಿತು. ಮರವನ್ನು ಬುಡಸಹಿತ ಕಡಿದು ಉರುಳಿಸಿ ಹಣ್ಣು ತಿನ್ನಬೇಕೆಂದು ಮೊದಲನೆಯವನಿಗೆ ಅನ್ನಿಸಿತು. ಎರಡನೆಯವನಿಗೆ ಕಾಂಡ ಕಡಿದರೆ ಸಾಕೆನಿಸಿತು. ಮೂರನೆಯವನು ಕೊಂಬೆಯನ್ನು, ನಾಲ್ಕನೆಯವನು ರೆಂಬೆಯನ್ನು ಕಡಿಯಲು ಬಯಸಿದ. ಐದನೆಯವನು ಹಣ್ಣನ್ನಷ್ಟೇ ಕಿತ್ತುಕೊಳ್ಳೋಣ ಎಂದುಕೊಂಡ. ಕೆಳಗೆ ತಾವಾಗಿ ಉದುರಿರುವ ಹಣ್ಣನ್ನು ಆಯ್ದು ತಿಂದರಾಯಿತೆಂದು ಆರನೆಯವನು ಭಾವಿಸಿದ. ಕಥೆ ಇಷ್ಟೆ. ಮೊದಲನೆಯವನದು ಕೃಷ್ಣಲೇಶ್ಯೆ, ಅಂದರೆ ಕಪ್ಪು, ಎರಡನೆಯವನದು ನೀಲ, ಮೂರನೆಯವನದು ಪಾರಿವಾಳದ ಬೂದುಬಣ್ಣದ ಕಪೋತ. ಈ ಮೂರು ಅಶುಭ. ಆಮೇಲೆ ಪೀತ, ಪದ್ಮ, ಶುಕ್ಲ. ಈ ಮೂರು ಶುಭ. ಲೇಶ್ಯೆ ಎಂದರೆ ಆತ್ಮಕ್ಕೆ ಮೆತ್ತಿಕೊಳ್ಳುವ ಲೇಪ, ಕ್ರೋಧ ಲೋಭಾದಿ ಕಷಾಯಗಳಿಂದ ಬಣ್ಣ ಹಿಡಿದ ಮನೋವಾಕ್ಕಾಯಗಳ ಪ್ರವೃತ್ತಿ.

ಈ ದೃಷ್ಟಾಂತ ಗೊಮ್ಮಟಸಾರದ ಜೀವಕಾಂಡದಲ್ಲಿ ಕೇವಲ ಎರಡು ಪ್ರಾಕೃತ ಗಾಹೆಗಳಲ್ಲಿ ಅಡಗಿದೆ. ಬರೆದವರು ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು. ಕೇಳಿದವನು ಗಂಗರ ಮಂತ್ರಿ, ಸೇನಾನಿ ಚಾವುಂಡರಾಯ. 978ರಲ್ಲಿ ಕನ್ನಡದಲ್ಲಿ ಚಾವುಂಡರಾಯಪುರಾಣವನ್ನು ಬರೆದವನು, ಕೆಲವೇ ವರ್ಷಗಳ ತರುವಾಯ ವಿಂಧ್ಯಗಿರಿಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದವನು. ಅವನಿಗಿದ್ದ ಗೊಮ್ಮಟನೆಂಬ ಹೆಸರೇ ಗ್ರಂಥಕ್ಕೂ ಬಂತೆಂದು ಹೇಳುತ್ತಾರೆ. ಕತ್ತಿ ಹಿಡಿದು ಯುದ್ಧಗಳನ್ನು ಗೆದ್ದ ಮನುಷ್ಯನೊಬ್ಬನಿಗಾಗಿ ರಚಿತವಾದ ಗ್ರಂಥದಲ್ಲಿ ಕಡಿಯುವುದರ ತರತಮವನ್ನು ಹೇಳುವ ಈ ಕಥೆ ಬಂದಿದೆಯೆಂಬುದನ್ನು ನಾವು ಮರೆಯಬಾರದು.

1359ರಲ್ಲಿ ಕೇಶವವರ್ಣಿ ಗೊಮ್ಮಟಸಾರಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದ. ಮುಂದೆ ಬಂದ ಸಂಸ್ಕೃತ ಟೀಕೆಗೆ ಈ ಕನ್ನಡ ವೃತ್ತಿಯೇ ಆಧಾರವೆಂದು ಸದಲಗಾದಲ್ಲಿ ಹುಟ್ಟಿದ ನಮ್ಮ ಪ್ರಾಕೃತ ವಿದ್ವಾಂಸರಾದ ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟರು. ಆ ಸಂಸ್ಕೃತ ಟೀಕೆಯನ್ನು ಆಶ್ರಯಿಸಿ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ದೇಶಭಾಷೆಯಲ್ಲಿ ವ್ಯಾಖ್ಯಾನ ಬರೆದರು. ಪ್ರಾಕೃತದ ಅರ್ಥ ಉತ್ತರದೇಶಕ್ಕೆ ಮರಳಿ ಹೋದದ್ದು ಕನ್ನಡದ ಮೂಲಕ ಎಂದಾಯಿತು.

ಇನ್ನು ಸಂಕೇತಗಳನ್ನು ಬಿಡಿಸಿ ನೋಡೋಣ. ದೃಷ್ಟಾಂತಗಳಲ್ಲಿ ಎರಡು ರೀತಿಯವು ಇವೆ. ಮಹಾಭಾರತದ ಸ್ತ್ರೀಪರ್ವದಲ್ಲಿ, ನೂರು ಮಕ್ಕಳನ್ನು ಕಳೆದುಕೊಂಡು ಕುಳಿತ ಧೃತರಾಷ್ಟ್ರನಿಗೆ ವಿದುರ ಒಂದು ಕಥೆ ಹೇಳುತ್ತಾನೆ. ಘೋರಾರಣ್ಯದಲ್ಲಿ ಓಡುತ್ತಿದ್ದ ಬ್ರಾಹ್ಮಣನೊಬ್ಬ ಬಳ್ಳಿ ಮುಚ್ಚಿದ ಬಾವಿಗೆ ಬಿದ್ದು, ತೊಟ್ಟಿನಲ್ಲಿ ತೂಗುವ ಹಲಸಿನ ಹಣ್ಣಿನಂತೆ ತಲೆಕೆಳಗಾಗಿ ನೇತಾಡುತ್ತಾನೆ. ಕೆಳಗೆ ಸರ್ಪ, ಮೇಲೆ ಆರು ಮುಖ ಹನ್ನೆರಡು ಕಾಲಿನ ಆನೆ, ಬೇರು ಕಡಿಯುವ ಕಪ್ಪು ಬಿಳಿ ಇಲಿಗಳು. ಇಷ್ಟಾದರೂ ಅವನು ತೊಟ್ಟಿಕ್ಕುವ ಜೇನನ್ನು ನೆಕ್ಕುತ್ತಿದ್ದಾನೆ. ಕಥೆ ಮುಗಿದೊಡನೆ ವಿದುರನು ಕೀಲಿಕೈಯನ್ನೂ ಕೊಟ್ಟುಬಿಡುತ್ತಾನೆ: ಕಾಡು ಸಂಸಾರ, ಬಾವಿ ದೇಹ, ಸರ್ಪ ಕಾಲ, ಆನೆ ವರ್ಷ, ಅದರ ಮುಖಗಳು ಋತುಗಳು, ಕಾಲುಗಳು ತಿಂಗಳುಗಳು, ಇಲಿಗಳು ಹಗಲಿರುಳು. ಒಂದೊಂದು ವಸ್ತುವಿಗೂ ಒಂದೊಂದು ಅರ್ಥ. ಇದೇ ಕಥೆ ಜೈನರಲ್ಲಿ ಮಧುಬಿಂದುವಾಗಿ, ಅರಬ್ಬಿಯ ಕಲೀಲಾ ದಿಮ್ನಾದ ಪೀಠಿಕೆಗೆ ಹೋಗಿ, ಕೊನೆಗೆ ಟಾಲ್‌ಸ್ಟಾಯ್‌ಯ ಆತ್ಮನಿವೇದನೆಯನ್ನೂ ಹೊಕ್ಕಿತು. ಹೋದಲ್ಲೆಲ್ಲ ಕೀಲಿಕೈ ಸ್ವಲ್ಪ ಬದಲಾಯಿತು. ವಿದುರನಿಗೆ ಆನೆ ಸಂವತ್ಸರವಾದರೆ, ಜೈನರಿಗೆ ಅದೇ ಆನೆ ಮೃತ್ಯು.

ಆರು ಜನರ ಕಥೆ ಈ ಜಾತಿಯದಲ್ಲ. ಇಲ್ಲಿ ಅರ್ಥ ಹಚ್ಚಿರುವುದು ಆರು ಬಯಕೆಗಳಿಗೆ ಮಾತ್ರ. ಕಾಡು ಏನು, ಹಸಿವು ಏನು, ಮರ ಯಾವುದರ ಸಂಕೇತ ಎಂದು ಗಾಹೆ ಹೇಳುವುದಿಲ್ಲ. ಮರದ ಹೆಸರನ್ನು ಕೂಡ ಹೇಳುವುದಿಲ್ಲ. ಹೇಳುವವರಲ್ಲಿ ಕೆಲವರು ಮಾವು ಎನ್ನುತ್ತಾರೆ, ಕೆಲವರು ನೇರಳೆ ಎನ್ನುತ್ತಾರೆ. ಮರ ಮರವಾಗಿಯೇ ಉಳಿದಿದೆ. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ.

ಎರಡನೆಯದಾಗಿ, ಸೋಸ್ಯೂರನ ಮಾತು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಬುಡ ಕಡಿಯಬೇಕೆಂದವನೊಬ್ಬನೇ ಕಥೆಯಲ್ಲಿದ್ದಿದ್ದರೆ ಅವನು ಸೌದೆಗೆ ಬಂದವನೆಂದುಕೊಳ್ಳುತ್ತಿದ್ದೆವು. ಉಳಿದ ಐವರ ಪಕ್ಕದಲ್ಲಿ ನಿಂತಾಗ ಮಾತ್ರ ಅವನು ಕ್ರೂರ. ಆರು ಜನರ ಹಸಿವೂ ಒಂದೇ, ಮರವೂ ಒಂದೇ, ಬೇಕಾದ ಹಣ್ಣೂ ಒಂದೇ. ಬದಲಾಗುವುದು ಒಂದೇ ಸ್ಥಾನ: ಬುಡ, ಕಾಂಡ, ಕೊಂಬೆ, ರೆಂಬೆ, ಹಣ್ಣು, ಉದುರಿದ್ದು. ಬೇಕಾದದ್ದಕ್ಕೂ ನಾಶಮಾಡುವುದಕ್ಕೂ ಇರುವ ಅಂತರವೇ ಲೇಶ್ಯೆಯ ಅಳತೆಗೋಲು. ಶುಭಾಶುಭಗಳ ಗಡಿ ಬಿದ್ದಿರುವುದು ಕೊಂಬೆಗೂ ರೆಂಬೆಗೂ ನಡುವೆ. ರೆಂಬೆ ಮತ್ತೆ ಬೇಗ ಚಿಗುರುತ್ತದೆ, ದೊಡ್ಡ ಕೊಂಬೆ ಹೋದರೆ ಮರದ ಮೈಗೆ ಗಾಯ ಉಳಿಯುತ್ತದೆ; ಅದಕ್ಕಾಗಿ ಇರಬಹುದು ಎಂಬುದು ನನ್ನ ಊಹೆ.

ಮೂರನೆಯದು, ಗಾಹೆಗೂ ಗೋಡೆಯ ಚಿತ್ರಕ್ಕೂ ಇರುವ ಭೇದ. ಗಾಹೆಯಲ್ಲಿ ಆ ಆರು ಜನ ಮರವನ್ನು ಕಂಡು ಯೋಚಿಸುತ್ತಾರೆ, ಅಷ್ಟೆ. ಯಾರೂ ಇನ್ನೂ ಕೊಡಲಿ ಎತ್ತಿಲ್ಲ. ಆದರೆ ಚಿತ್ರಕಾರನು ಯೋಚನೆಯನ್ನು ಬರೆಯಲಾರ. ಆದ್ದರಿಂದ ಇಂಥ ಚಿತ್ರಗಳ ರೂಢಿಯಲ್ಲಿ ಒಬ್ಬ ಬುಡಕ್ಕೆ ಕೊಡಲಿ ಹಾಕುತ್ತಿರುತ್ತಾನೆ, ಒಬ್ಬ ಕೊಂಬೆಗೆ. ಒಬ್ಬ ಕೆಳಗೆ ಬಾಗಿ ಹಣ್ಣು ಆಯುತ್ತಿರುತ್ತಾನೆ. ಸ್ವಲ್ಪ ನಿಂತು ನೋಡಿದರೆ ಇದು ಅಸಾಧ್ಯವಾದ ದೃಶ್ಯ. ಒಬ್ಬ ಬುಡ ಕಡಿದರೆ ಮೇಲಿನವರೆಲ್ಲ ಬೀಳಲೇಬೇಕು. ಕಾವ್ಯದಲ್ಲಿ ಆರು ಸಾಧ್ಯತೆಗಳಾಗಿದ್ದದ್ದು ಚಿತ್ರದಲ್ಲಿ ಒಂದೇ ಗಳಿಗೆಯ ಆರು ಕೃತ್ಯಗಳಾಯಿತು. ಚಿತ್ರಕಾರ ತಿಳಿದೋ ತಿಳಿಯದೆಯೋ ಒಂದು ಸತ್ಯವನ್ನು ಹೇಳಿಬಿಟ್ಟಿದ್ದಾನೆ: ಕೆಳಗಿನವನ ಕೊಡಲಿಯಿಂದ ಮೇಲಿನವನ ಸಂಯಮವೂ ಉರುಳುತ್ತದೆ.

ಬಣ್ಣದ ವಿಚಾರಕ್ಕೆ ಬರೋಣ. ಈ ಬಣ್ಣಗಳು ಸಾಣೆಯ ಕಿಡಿಯಂತೋ, ಸರಳಿನ ತುದಿಗೆ ಬಳಿದ ಬಣ್ಣದಂತೋ? ಜನರನ್ನು ಬಣ್ಣಗಳಾಗಿ ವಿಂಗಡಿಸುವುದು ಭಾರತದಲ್ಲಿ ಬಹಳ ಹಳೆಯ ಪದ್ಧತಿ. ಮಹಾಭಾರತದ ಶಾಂತಿಪರ್ವದಲ್ಲಿ ಜೀವದ ಆರು ವರ್ಣಗಳ ಮಾತು ಬರುತ್ತದೆ. ಪಾಲಿಯ ಅಂಗುತ್ತರ ನಿಕಾಯದಲ್ಲಿ ಪೂರಣ ಕಸ್ಸಪನೆಂಬ ಆಚಾರ್ಯನ ಹೆಸರಿನಲ್ಲಿ ಆರು ಅಭಿಜಾತಿಗಳ ಪಟ್ಟಿಯಿದೆ. ಕಸಾಯಿಗಳು, ಬೇಟೆಗಾರರು, ಮೀನು ಹಿಡಿಯುವವರು ಕಪ್ಪು. ಬೇರೆ ಪಂಥದ ಸಂನ್ಯಾಸಿಗಳು ನೀಲಿ, ಕೆಂಪು. ಆಜೀವಿಕರು ಬಿಳಿ, ಅವರ ಮಹಾಗುರುಗಳು ಪರಮ ಬಿಳಿ. ಇಲ್ಲಿ ಬಣ್ಣವನ್ನು ಅಂಟಿಸಿರುವುದು ಕಸುಬಿಗೆ ಮತ್ತು ಪಂಥಕ್ಕೆ. ಬುದ್ಧ ಈ ಪಟ್ಟಿಯನ್ನು ಒಪ್ಪಲಿಲ್ಲ. ಯಾರ ಒಪ್ಪಿಗೆಯನ್ನೂ ಕೇಳದೆ ಜನರಿಗೆ ಬಣ್ಣ ಹಚ್ಚಲು ಇವನಿಗೆ ಅಧಿಕಾರ ಕೊಟ್ಟವರು ಯಾರೆಂಬ ಅರ್ಥದಲ್ಲಿ ಅವನು ಪ್ರಶ್ನಿಸುತ್ತಾನೆ. ಕಪ್ಪೆನ್ನುವ ಕುಲದಲ್ಲಿ ಹುಟ್ಟಿದವನೂ ಬಿಳಿಯ ಧರ್ಮವನ್ನು ಹುಟ್ಟಿಸಬಲ್ಲ ಎನ್ನುತ್ತಾನೆ.

ಈ ಹಿನ್ನೆಲೆಯಲ್ಲಿ ನೋಡಿದರೆ ನೇಮಿಚಂದ್ರರ ಆರು ಜನರ ವೈಶಿಷ್ಟ್ಯ ತಿಳಿಯುತ್ತದೆ. ಅವರಿಗೆ ಹೆಸರಿಲ್ಲ, ಕುಲವಿಲ್ಲ, ಕಸುಬಿಲ್ಲ. ಎಲ್ಲರೂ ಒಂದೇ ದಾರಿಯ ಪಯಣಿಗರು, ಎಲ್ಲರೂ ದಾರಿ ತಪ್ಪಿದವರು. ಬಣ್ಣ ಬಂದದ್ದು ಮರವನ್ನು ಕಂಡ ಕ್ಷಣದಲ್ಲಿ ಹುಟ್ಟಿದ ಬಯಕೆಯಿಂದ. ಮೈಯ ಬಣ್ಣ ದ್ರವ್ಯಲೇಶ್ಯೆ, ಮನಸ್ಸಿನದು ಭಾವಲೇಶ್ಯೆ ಎಂದು ಶಾಸ್ತ್ರವೇ ಬೇರ್ಪಡಿಸುತ್ತದೆ. ಚಂದ್ರಗಿರಿಯ ಮೇಲೆ ಚಾವುಂಡರಾಯ ಬಸದಿಯಲ್ಲಿ ಪೂಜೆಗೊಳ್ಳುವ ನೇಮಿನಾಥ ತೀರ್ಥಂಕರನ ಮೈಬಣ್ಣ ಸಂಪ್ರದಾಯದಂತೆ ಶ್ಯಾಮಲವರ್ಣ. ಮನುಷ್ಯನ ಭಾವಲೇಶ್ಯೆ ಸ್ಥಿರವೂ ಅಲ್ಲ, ಮುಹೂರ್ತದೊಳಗೆ ಬದಲಾಗಬಲ್ಲದು. ಆದರೂ ಕಪ್ಪು ಎಂದರೆ ಕೆಟ್ಟದ್ದು ಎಂಬ ರೂಢಿಯನ್ನು ಕಥೆ ಪ್ರಶ್ನಿಸದೆ ಸ್ವೀಕರಿಸಿದೆಯೆಂಬುದನ್ನೂ ಹೇಳಬೇಕು. ಎರೆಮಣ್ಣಿನ ಕಪ್ಪು ಬೆಳೆ ಕೊಡುತ್ತದೆ. ಕೂಸಿನ ಕೆನ್ನೆಯ ಕಾಡಿಗೆ ಬೊಟ್ಟು ದೃಷ್ಟಿ ಕಾಯುತ್ತದೆ. ಬಣ್ಣ ಬಳಿದದ್ದು, ಕಿಡಿಯಲ್ಲ. ಈ ಕಥೆಯಲ್ಲಿ ಕಿಡಿಯೆಂದರೆ ಬಯಕೆ. ಮರದ ಸಾಣೆಗೆ ಒತ್ತಿದಾಗ ಒಬ್ಬೊಬ್ಬನಿಂದ ಹೊರಟ ಬಯಕೆ.

ಇಷ್ಟು ಹೇಳಿ ನಿಲ್ಲಿಸಿದರೆ ನನ್ನ ಮಾತು ಪಾಂಡಿತ್ಯಪ್ರದರ್ಶನವಾದೀತು. ಈ ಕಥೆ ನನ್ನನ್ನು ಹಿಡಿದುಕೊಂಡದ್ದು ಬೇರೆ ಕಾರಣಕ್ಕೆ.

ತುಮಕೂರು ರಸ್ತೆಯ ಆಚೀಚೆಯ ಹೊಲಗಳ ಮೇಲೆ ಪೀಣ್ಯದ ಕೈಗಾರಿಕಾ ವಸಾಹತು ಬೆಳೆದದ್ದು 1970ರ ದಶಕದಿಂದೀಚೆಗೆ. ನಮ್ಮ ಕಾರ್ಖಾನೆಯ ಆವರಣದ ಮೂಲೆಯಲ್ಲಿ ಆ ಹೊಲದ ಕಾಲದ ಒಂದು ನೇರಳೆ ಮರ ಉಳಿದುಕೊಂಡಿತ್ತು. ಆಷಾಢದ ಹೊತ್ತಿಗೆ ಅದರ ಕೆಳಗಿನ ಸಿಮೆಂಟು ನೆಲವೆಲ್ಲ ನೇರಳೆಗಪ್ಪು. ಗುಡಿಸುವ ಕೆಲಸದ ಮುದುಕಿಯೊಬ್ಬಳು ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಉದುರಿದ ಹಣ್ಣನ್ನು ಸೆರಗಿನಲ್ಲಿ ಆಯ್ದುಕೊಂಡು ಆಮೇಲೆ ಪೊರಕೆ ಹಿಡಿಯುತ್ತಿದ್ದಳು.

1990ರ ದಶಕದಲ್ಲಿ ಹೊಸ ಯಂತ್ರಕ್ಕಾಗಿ ಶೆಡ್ಡನ್ನು ವಿಸ್ತರಿಸುವ ಯೋಜನೆಯಾಯಿತು. ಮರವನ್ನು ತೆಗೆಸಬೇಕೆಂದು ಯಜಮಾನರ ಮನಸ್ಸು. ಮೇಲ್ವಿಚಾರಕನಾದ ನನ್ನ ಅಭಿಪ್ರಾಯವನ್ನು ಬರಹದಲ್ಲಿ ಕೇಳಿದರು. ಮರವನ್ನು ಪೂರ್ತಿ ಕಡಿಯಬೇಕಾಗಿಲ್ಲ, ಶೆಡ್ಡಿನ ಕಡೆ ಚಾಚಿರುವ ಕೊಂಬೆಗಳನ್ನು ತೆಗೆದರೆ ಸಾಕೆಂದು ಬರೆದು ರುಜು ಹಾಕಿದೆ. ಮರವನ್ನು ಉಳಿಸಿದೆನೆಂಬ ಸಮಾಧಾನ ನನಗಿತ್ತು. ಕೊಂಬೆಗಳು ಹೋದವು. ಆಮೇಲೆ ಅದೇ ಬದಿಯಲ್ಲಿ ಪಾಯ ತೋಡಿದರು. ಪಾಯದ ಗುಂಡಿಯಲ್ಲಿ ಬೇರುಗಳು ತುಂಡಾದವು. ಕೊಂಬೆಯ ವಿಚಾರ ಬರೆದ ನಾನು ಬೇರಿನ ವಿಚಾರ ಯೋಚಿಸಿಯೇ ಇರಲಿಲ್ಲ. ಕೊಂಬೆ ಕಡಿಯುತ್ತಿದ್ದ ದಿನ ಆ ಮುದುಕಿ ನನ್ನ ಪಕ್ಕ ಬಂದು ನಿಂತು, “ಅರ್ಧ ಕಡುದ್ರೆ ಇನ್ನರ್ಧ ಉಳೀತದಾ ಸಾಮಿ?” ಎಂದು ಕೇಳಿದ್ದಳು. ಉಳಿಯುತ್ತದೆ ಎಂದಿದ್ದೆ. ಎರಡು ಮಳೆಗಾಲ ಕಳೆಯುವುದರೊಳಗೆ ಮರ ಒಂದು ಕಡೆಗೆ ವಾಲಿ ಒಣಗಿತು. ಅಪಾಯವೆಂದು ಬುಡಸಹಿತ ತೆಗೆಸಿದರು. ಆ ಕಾಗದದ ಮೇಲೂ ನನ್ನದೇ ರುಜು.

ಇದಾದ ಬಹಳ ವರ್ಷಗಳ ಮೇಲೆ ಮಠದ ಆ ಚಿತ್ರದ ಮುಂದೆ ನಿಂತಾಗ ಮೊದಲು ನಾನು ಹುಡುಕಿದ್ದು ನನ್ನ ಸ್ಥಾನವನ್ನು. ಕೊಂಬೆಯವನು ನಾನು, ಮೂರನೆಯವನು, ಕಪೋತ. ಗಡಿಯ ಹತ್ತಿರ ಬಂದಿದ್ದೇನೆ, ಆದರೆ ದಾಟಿಲ್ಲ. ಬುಡ ಕಡಿಯುವವನಿಗಿಂತ ನಾನು ಮೇಲೆಂಬ ಸಮಾಧಾನವೂ ಆ ಹೋಲಿಕೆಯ ಕೊಡುಗೆಯೇ. ಬೆಲೆಯೆಲ್ಲ ಪಕ್ಕದವನಿಗೆ ಹೋಲಿಸಿ ಬರುವುದಾದರೆ, ಪಕ್ಕದಲ್ಲಿ ಕೆಟ್ಟವನೊಬ್ಬನಿದ್ದರೆ ಸಾಕು, ನಮಗೆ ನಾವು ಒಳ್ಳೆಯವರಾಗಿ ಕಾಣುತ್ತೇವೆ. ಸೋಸ್ಯೂರನ ಸೂತ್ರದಿಂದ ಈ ಮೋಸವೂ ನನಗೆ ಅರ್ಥವಾಯಿತು.

ಆದರೆ ಅದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ಕಥೆಯ ಆರು ಜನರಲ್ಲಿ ಬಯಸುವ ಮನಸ್ಸು, ಆಡುವ ನಾಲಗೆ, ಕಡಿಯುವ ಕೈ ಒಂದೇ ಶರೀರದಲ್ಲಿವೆ. ಪೀಣ್ಯದಲ್ಲಿ ಹಾಗಿಲ್ಲ. ಬಯಸುವವನು ಒಬ್ಬ, ಬರೆಯುವವನು ಇನ್ನೊಬ್ಬ, ಕೊಡಲಿ ಹಿಡಿಯುವವನು ದಿನಗೂಲಿಯ ಮತ್ತೊಬ್ಬ. ಹಣ್ಣು ತಿನ್ನುವವನು ಇವರಲ್ಲಿ ಯಾರೂ ಅಲ್ಲ. ಹಾಗಾದರೆ ಲೇಪ ಮೆತ್ತಿಕೊಳ್ಳುವುದು ಯಾರಿಗೆ? ಕಥೆಯನ್ನು ಎಷ್ಟು ಬಿಡಿಸಿ ಓದಿದರೂ ಇದಕ್ಕೆ ಉತ್ತರ ಅದರೊಳಗೆ ಸಿಗಲಿಲ್ಲ. ಸಿಕ್ಕಿದ್ದು ಅದೇ ಸಂಪ್ರದಾಯದ ಇನ್ನೊಂದು ಗ್ರಂಥದಲ್ಲಿ. ತತ್ತ್ವಾರ್ಥಸೂತ್ರ ಹಿಂಸೆಯ ದಾರಿಗಳನ್ನು ಎಣಿಸುತ್ತದೆ: ಸಂಕಲ್ಪ, ಸಿದ್ಧತೆ, ಆರಂಭ ಎಂದು ಮೂರು, ಮನಸ್ಸು, ಮಾತು, ಮೈ ಎಂದು ಮೂರು, ತಾನೇ ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂದು ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108. ಕೃತ, ಕಾರಿತ, ಅನುಮತ ಎಂಬ ಆ ಮೂರು ಮಾತುಗಳಲ್ಲಿ ಯಜಮಾನನೂ ಇದ್ದಾನೆ, ಕೂಲಿಯವನೂ ಇದ್ದಾನೆ, ಕಾಗದದ ಕೆಳಗೆ ರುಜು ಹಾಕುವವನೂ ಇದ್ದಾನೆ. ರುಜು ಎಂಬುದೂ ಒಂದು ಸಂಕೇತವೇ ಅಲ್ಲವೇ? ಅದು ನನ್ನ ಕೈಯ ಜಾಡು, ಸಾಣೆಯ ಕಿಡಿಯಂತೆ ನನ್ನಿಂದಲೇ ಹೊರಟದ್ದು. ಅದು ರೂಢಿಯ ಗುರುತೂ ಹೌದು. ನಾಲ್ಕು ಜನ ಅದನ್ನು ಒಪ್ಪಿಗೆ ಎಂದು ಓದುತ್ತಾರೆ.

ದೃಷ್ಟಾಂತಗಳನ್ನು ಶಾಸ್ತ್ರದ ಕಣ್ಣಿನಿಂದ ಬಿಡಿಸಿದರೆ ಭಕ್ತಿ ಕೆಡುತ್ತದೆಂದು ಕೆಲವರು ಅಂಜುತ್ತಾರೆ. ನನ್ನ ಅನುಭವ ಹಾಗಿಲ್ಲ. ಬಿಡಿಸದೆ ಕೇಳಿದಾಗ ಈ ಕಥೆ ನನಗೆ ನೀತಿಪಾಠವಾಗಿತ್ತು. ತಲೆದೂಗಿ ಮುಂದೆ ಹೋಗಬಹುದಿತ್ತು. ಎಲ್ಲಿ ಅರ್ಥ ಹಚ್ಚಿದ್ದಾರೆ, ಎಲ್ಲಿ ಬರಿದು ಬಿಟ್ಟಿದ್ದಾರೆ ಎಂದು ನೋಡಿದ ಮೇಲೆ ಹಾಗೆ ಹೋಗಲು ಆಗಲಿಲ್ಲ. ಬರಿದಾಗಿ ಬಿಟ್ಟಿರುವ ಆ ಮರದ ಜಾಗದಲ್ಲಿ ಒಬ್ಬೊಬ್ಬ ಕೇಳುಗನಿಗೂ ಅವನವನ ಮರ ಕಾಣಿಸಬೇಕು ಎಂದೇ ನೇಮಿಚಂದ್ರರು ಹೆಸರು ಹೇಳದೆ ಬಿಟ್ಟರೋ ಏನೋ. ನನಗಂತೂ ನೇರಳೆ ಮರವೇ ಕಾಣಿಸಿತು.

2014ರಲ್ಲಿ ಪೀಣ್ಯಕ್ಕೆ ಮೆಟ್ರೋ ರೈಲು ಬಂತು. ಎತ್ತರದ ಹಳಿಯ ಮೇಲೆ ಹೋಗುವಾಗ ಕೆಳಗೆ ಶೆಡ್ಡುಗಳ ತಗಡಿನ ಮಾಡುಗಳು ಒತ್ತಾಗಿ ಕಾಣುತ್ತವೆ. ನಡುನಡುವೆ ಅಲ್ಲೊಂದು ಇಲ್ಲೊಂದು ಹಸಿರು ತಲೆ. ನಮ್ಮ ಹಳೆಯ ಶೆಡ್ಡು ಯಾವುದೆಂದು ಮೇಲಿನಿಂದ ಗುರುತು ಹಿಡಿಯುವುದು ನನಗೆ ಇನ್ನೂ ಸಾಧ್ಯವಾಗಿಲ್ಲ. ಮರ ಇದ್ದಿದ್ದರೆ ಅದರ ಗುರುತಿನಿಂದ ಹಿಡಿಯುತ್ತಿದ್ದೆ.